ಟಂಟಂ ಬೆನ್ನಮೇಲಿನ ಶಂಕ್ರಣ್ಣ

ದಂಡೋತಿಯಲ್ಲಿ ರಸ್ತೆ ಬದಿ ನಿಂತು ಚಿತ್ತಾಪುರದ ಟಂಟಂ ಹಿಡಿಯುವುದೆಂದರೆ ಅದು ತುಂಬುವ ತನಕ ಕಾಯುವುದು ಎಂದೇ ಅರ್ಥ. ತೊಗರಿ ಹೊಲದಲ್ಲಿ ಎಡೆ ಹೊಡೆಯುವ ದಿನಗಳ ಒಂದು ಬೆಳಿಗ್ಗೆ ಹಾಗೆ ಕಾಯುತ್ತಿದ್ದೆ. ಮುಂದೆ ನಿಂತಿದ್ದ ಗಾಡಿಯ ಬೆನ್ನ ಮೇಲೆ ಒಂದು ಮುಖ ಇತ್ತು. ಗುಂಗುರು ಕೂದಲು, ದಪ್ಪ ಮೀಸೆ, ಈಗಷ್ಟೇ ಏನೋ ನೆನಪಾಗಿ ನಕ್ಕಂತಹ ನಗು. ಕೆಳಗೆ ಹಳದಿ ಅಕ್ಷರದಲ್ಲಿ ‘ಕರಾಟೆ ಕಿಂಗ್ ಶಂಕರ್‌ನಾಗ್’. ಗಾಡಿ ಓಡಿಸುವ ಹುಡುಗನಿಗೆ ಇಪ್ಪತ್ನಾಲ್ಕು ದಾಟಿರಲಿಕ್ಕಿಲ್ಲ.

“ಶಂಕ್ರಣ್ಣನ ಪಿಚ್ಚರ್ ಎಷ್ಟು ನೋಡಿದಿ ತಮ್ಮಾ?” ಎಂದೆ.

“ಆಟೊ ರಾಜ, ಸಾಂಗ್ಲಿಯಾನ ಮೊಬೈಲ್‌ದಾಗ ಪೂರಾ ನೋಡೀನ್ರಿ ಕಾಕಾ. ಉಳಿದಿದ್ದು ಟಿವ್ಯಾಗ ಬಂದಾಗ ಅರ್ಧಾಮರ್ಧ.”

“ನೀ ಹುಟ್ಟೂದಕ್ಕಿಂತ ಹತ್ತು ವರ್ಷ ಮೊದಲೇ ಹೋಗ್ಯಾನಲ್ಲ ಅಂವ?”

“ಹೋದ್ರ ಏನಾತ್ರಿ? ನಮ್ಮ ಲೈನಿನವ ಅದಾನ್ರಿ ಅಂವ.”

ಇಷ್ಟು ಹೇಳಿ ಹುಡುಗ ಗಾಡಿ ಚಾಲೂ ಮಾಡಿದ. ಕಾಗಿಣಾ ಸೇತುವೆ ದಾಟಿದ ಮೇಲೂ ‘ನಮ್ಮ ಲೈನಿನವ’ ಎಂಬ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಈ ಕಡೆ ‘ಲೈನ್’ ಎಂದರೆ ಹೊಟ್ಟೆಪಾಡಿನ ದಾರಿ. ಲಾರಿ ಲೈನಿನವರು, ಫರಸಿ ಕಲ್ಲಿನ ಲೈನಿನವರು, ಆಟೊ ಲೈನಿನವರು. ಶಂಕರ್‌ನಾಗ್ ನಾಟಕದವರು, ಕ್ಯಾಮೆರಾದ ಹಿಂದೆಯೂ ಮುಂದೆಯೂ ನಿಂತವರು. ಹೊಟ್ಟೆಪಾಡಿಗೆ ಆಟೊ ಓಡಿಸಿದವರಲ್ಲ. ಅವರು ತೀರಿಕೊಂಡು ಮೂವತ್ತೈದು ವರ್ಷಗಳಾದವು. ಅವರನ್ನು ಕಣ್ಣಾರೆ ಕಾಣದ, ಅವರ ಒಂದು ಚಿತ್ರವನ್ನೂ ಟಾಕೀಸಿನಲ್ಲಿ ನೋಡದ ಹುಡುಗ ಅವರನ್ನು ತನ್ನ ಲೈನಿಗೆ ಹೇಗೆ ಸೇರಿಸಿಕೊಂಡ?

ಎರಡು ಸೆಪ್ಟೆಂಬರ್ 30

ಈ ಪ್ರಶ್ನೆ ಕೇಳುವಾಗಲೆಲ್ಲ ನನಗೆ ದೂರದ ಇನ್ನೊಬ್ಬ ನಟ ನೆನಪಾಗುತ್ತಾನೆ. ಹಾಲಿವುಡ್‌ನ ಜೇಮ್ಸ್ ಡೀನ್. ಅಮೆರಿಕದ ಇಂಡಿಯಾನಾ ರಾಜ್ಯದ ಫೇರ್‌ಮೌಂಟ್ ಎಂಬ ಸಣ್ಣ ಊರಿನಲ್ಲಿ ಬೆಳೆದವನು. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು, ಅತ್ತೆ-ಮಾವನ ಹೊಲಮನೆಯಲ್ಲಿ ದೊಡ್ಡವನಾದ. ನಾಯಕನಾಗಿ ನಟಿಸಿದ್ದು ಮೂರೇ ಚಿತ್ರ: ‘ಈಸ್ಟ್ ಆಫ್ ಈಡನ್’, ‘ರೆಬೆಲ್ ವಿಥೌಟ್ ಎ ಕಾಸ್’, ‘ಜೈಂಟ್’. ಅವುಗಳಲ್ಲಿ ಮೊದಲನೆಯದು ಮಾತ್ರ ಅವನು ಬದುಕಿದ್ದಾಗ ತೆರೆ ಕಂಡಿತು. 1955ರ ಸೆಪ್ಟೆಂಬರ್ 30ರ ಸಂಜೆ ಕ್ಯಾಲಿಫೋರ್ನಿಯಾದ ಶೊಲಾಮ್ ಬಳಿ ಅವನ ಪೋರ್ಷೆ ಕಾರು ಇನ್ನೊಂದು ಕಾರಿಗೆ ಡಿಕ್ಕಿಯಾಯಿತು. ಆಗ ಅವನಿಗೆ 24 ವರ್ಷ. ಸತ್ತ ಮೇಲೆ ಎರಡು ಬಾರಿ ಆಸ್ಕರ್‌ಗೆ ಅವನ ಹೆಸರು ನಾಮನಿರ್ದೇಶನಗೊಂಡಿತು. ಅಪಘಾತದ ಜಾಗದ ಹತ್ತಿರ 1977ರಲ್ಲಿ ಸ್ಮಾರಕ ಕಟ್ಟಿಸಿದವರು ಜಪಾನಿನ ಒಬ್ಬ ಅಭಿಮಾನಿ. ಫೇರ್‌ಮೌಂಟ್‌ನಲ್ಲಿ ಇಂದಿಗೂ ಸೆಪ್ಟೆಂಬರ್ ಕೊನೆಗೆ ಅವನ ಹೆಸರಿನಲ್ಲಿ ಜಾತ್ರೆ ಸೇರುತ್ತದೆ.

1990ರ ಸೆಪ್ಟೆಂಬರ್ 30. ಬೆಳಗಿನ ಜಾವ. ದಾವಣಗೆರೆ ಸಮೀಪದ ಆನಗೋಡು. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಉತ್ತರ ಕರ್ನಾಟಕದ ಕಡೆ ಹೊರಟಿದ್ದ ಶಂಕರ್‌ನಾಗ್ ಅವರ ಕಾರು ಹೆದ್ದಾರಿಯಲ್ಲಿ ಅಪಘಾತಕ್ಕೀಡಾಯಿತು. ಜೊತೆಗಿದ್ದ ಪತ್ನಿ ಅರುಂಧತಿ ತೀವ್ರವಾಗಿ ಗಾಯಗೊಂಡು ಬದುಕುಳಿದರು. ಶಂಕರ್ ಉಳಿಯಲಿಲ್ಲ. 36 ತುಂಬಲು ಅವರಿಗೆ ಇನ್ನೂ ನಲವತ್ತು ದಿನ ಬೇಕಿತ್ತು.

ದಿನ ಅದೇ, ತಿಂಗಳು ಅದೇ, ಸಾವಿನ ಬಗೆಯೂ ಅದೇ. ಎಳೆ ವಯಸ್ಸಿನಲ್ಲಿ ಹೋದವನಿಗೆ ಮುಪ್ಪಿಲ್ಲ, ಅದಕ್ಕೇ ಜನ ಮರೆಯುವುದಿಲ್ಲ ಎಂದು ಇಬ್ಬರ ಬಗ್ಗೆಯೂ ಹೇಳುತ್ತಾರೆ. ಅದು ಸುಳ್ಳಲ್ಲ. ಡೀನ್ ಇಂದಿಗೂ 24ರ ಹುಡುಗ, ಶಂಕರ್ ಇಂದಿಗೂ 35ರ ಅಣ್ಣ. ಆದರೆ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ನಟರು ಇನ್ನೂ ಅನೇಕರಿದ್ದಾರೆ. ಅವರೆಲ್ಲರ ಮುಖ ವಾಡಿ ಜಂಕ್ಷನ್ ಹೊರಗಿನ ಆಟೊಗಳ ಮೇಲೆ ಬಂದು ಕೂತಿಲ್ಲ. ಸಾವು ಒಂದು ಮುಖವನ್ನು ಹಾಗೇ ಹಿಡಿದು ನಿಲ್ಲಿಸಬಹುದು. ಅದನ್ನು ದಿನಾ ಬೆಳಿಗ್ಗೆ ಒರೆಸಿ ಹೂವು ಏರಿಸಲು ಬದುಕಿರುವವರಿಗೆ ಬೇರೆ ಕಾರಣ ಬೇಕು.

‘ಆಟೊ’ದ ಪಕ್ಕ ‘ರಾಜ’

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದ ಕಡೆಯ ಕೊಂಕಣಿ ಮನೆಯಲ್ಲಿ. ಅಣ್ಣ ಅನಂತನಾಗ್ ಅವರಂತೆ ಮುಂಬೈಗೆ ಹೋಗಿ ನಾಟಕದ ಗೀಳು ಹಚ್ಚಿಕೊಂಡವರು. ಮರಾಠಿ ರಂಗಭೂಮಿಯಲ್ಲಿ ಬೆವರು ಸುರಿಸಿದವರು. ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಅವರ ಕೈ ಇತ್ತು. ಗಿರೀಶ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಮಾಡಿದಾಗ ಕೂಲಿ ಸೈನಿಕ ಗಂಡುಗಲಿಯ ಪಾತ್ರ ಕೊಟ್ಟರು. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅಲ್ಲಿಂದ ಹನ್ನೆರಡೇ ವರ್ಷ. ಅಷ್ಟರಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟನೆ, ಜೊತೆಗೆ ನಿರ್ದೇಶನ, ನಾಟಕ, ಟಿವಿ ಧಾರಾವಾಹಿ.

ಆ ಎಂಬತ್ತರಲ್ಲಿ ಒಂದು 1980ರ ‘ಆಟೊ ರಾಜ’. ನಿರ್ದೇಶನ ವಿಜಯ್ ಅವರದು, ಸಂಗೀತ ರಾಜನ್–ನಾಗೇಂದ್ರ, ನಾಯಕಿ ಗಾಯತ್ರಿ. ವಿಮರ್ಶಕರು ಶಂಕರ್ ಅವರ ಶ್ರೇಷ್ಠ ಕೃತಿಗಳನ್ನು ಪಟ್ಟಿ ಮಾಡುವಾಗ ಇದನ್ನು ಮೇಲೆ ಇಡುವುದಿಲ್ಲ. ಆಟೊ ಲೈನಿನವರ ಪಟ್ಟಿಯಲ್ಲಿ ಮಾತ್ರ ಇದರ ಮೇಲೆ ಬೇರೊಂದಿಲ್ಲ. ಯಾಕೆ ಎಂಬುದು ತಿಳಿಯಬೇಕಾದರೆ ಒಂದು ದಿನ ಯಾವುದಾದರೂ ಆಟೊ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತು ಕೇಳಬೇಕು. ಕರೆಯುವವರು ಚಾಲಕನ ಹೆಸರು ಹಿಡಿದು ಕರೆಯುವುದಿಲ್ಲ. “ಏ ಆಟೊ, ಬರ್ತೀಯೇನು?” ಅನ್ನುತ್ತಾರೆ. ಮನುಷ್ಯನ ಹೆಸರಿನ ಜಾಗದಲ್ಲಿ ಗಾಡಿಯ ಹೆಸರು. ವಯಸ್ಸು ಐವತ್ತಾದರೂ ಏಕವಚನ. ಬಾಡಿಗೆ ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಕಳ್ಳ, ರಾತ್ರಿ ಬರುವುದಿಲ್ಲ ಎಂದರೆ ಸೊಕ್ಕಿನವ.

ಆ ‘ಏ ಆಟೊ’ ಎಂಬ ಕರೆಯ ಪಕ್ಕಕ್ಕೆ ಒಂದು ಸಿನಿಮಾ ‘ರಾಜ’ ಎಂಬ ಪದವನ್ನು ತಂದಿಟ್ಟಿತು. ಖಾಕಿ ಅಂಗಿ ತೊಟ್ಟವನೇ ಕಥೆಯ ನಾಯಕ. ಪ್ರೀತಿಸುವವನೂ ಅವನೇ, ಹೊಡೆದಾಡುವವನೂ ಅವನೇ, ಹಾಡು ಹಾಡುವವನೂ ಅವನೇ. ನಾಯಕಿಯನ್ನು ನಿಲ್ದಾಣದಿಂದ ಮನೆಗೆ ಬಿಟ್ಟು ತೆರೆಯಿಂದ ಮರೆಯಾಗುತ್ತಿದ್ದ ಮನುಷ್ಯ ಈ ಸಲ ಕೊನೆಯ ದೃಶ್ಯದ ತನಕ ಇದ್ದ. 1972ರ ‘ಬಂಗಾರದ ಮನುಷ್ಯ’ದಲ್ಲಿ ಡಾ. ರಾಜ್‌ಕುಮಾರ್ ಒಕ್ಕಲುತನಕ್ಕೆ ಕೊಟ್ಟ ಮಾನವನ್ನು, ಎಂಟು ವರ್ಷದ ಮೇಲೆ ಶಂಕರ್ ಮೂರು ಗಾಲಿಯ ದುಡಿಮೆಗೆ ಕೊಟ್ಟರು. ತಮಿಳುನಾಡಿನ ಆಟೊಗಳ ಮೇಲೆ ರಜನಿಕಾಂತ್ ಅವರನ್ನು ಗಟ್ಟಿಯಾಗಿ ಕೂರಿಸಿದ ‘ಬಾಷಾ’ ಬಂದದ್ದು 1995ರಲ್ಲಿ, ಅಂದರೆ ಇದಾಗಿ ಹದಿನೈದು ವರ್ಷದ ನಂತರ.

ಹಾಗಾಗಿ ಆ ಚಿತ್ರಪಟವನ್ನು ನಟನ ಫೋಟೊ ಎಂದಷ್ಟೇ ಓದಿದರೆ ಸಾಲದು. ಅದು ಗಾಡಿ ಓಡಿಸುವವನ ನಾಮಫಲಕವೂ ಹೌದು. ‘ನನ್ನನ್ನು ಏನೆಂದು ಕರೆಯಬೇಕು ಎಂಬುದು ಇಲ್ಲಿ ಬರೆದಿದೆ, ನೋಡಿ’ ಎಂದು ಅದು ಹಿಂದಿನಿಂದ ಬರುವವರಿಗೆ ಹೇಳುತ್ತದೆ.

ನಿಜಾಮ್ ಏರಿಯಾದಲ್ಲಿ ಒಂದು ಕನ್ನಡ ಮುಖ

ಈ ಮುಖ ಬೆಂಗಳೂರಿನ ಆಟೊಗಳ ಮೇಲೆ ಇದ್ದರೆ ಆಶ್ಚರ್ಯವಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಕಡೆ ಅದು ನಿಂತಿರುವುದಕ್ಕೆ ಇನ್ನೂ ಒಂದು ಅರ್ಥವಿದೆ.

ದಂಡೋತಿಯ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿಯ ದಂಡೆಯಲ್ಲೇ ಮಳಖೇಡ ಇದೆ. ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಅದು. ಅಂಥ ನೆಲ ಮುಂದೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿ, ಕಚೇರಿಯ ಕಾಗದವೂ ಶಾಲೆಯ ಪಾಠವೂ ಉರ್ದುವಾದವು. 1948ರ ಸೆಪ್ಟೆಂಬರ್ 17ರಂದು ಆ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಸಿನಿಮಾ ವ್ಯಾಪಾರದ ನಕ್ಷೆ ಮಾತ್ರ ಬದಲಾಗಲಿಲ್ಲ. ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಈ ಜಿಲ್ಲೆಗಳನ್ನು ತೆಲಂಗಾಣ, ಮರಾಠವಾಡದ ಜೊತೆ ‘ನಿಜಾಮ್ ಏರಿಯಾ’ ಎಂದೇ ಲೆಕ್ಕ ಹಾಕುವ ರೂಢಿ ಬಹುಕಾಲ ಉಳಿಯಿತು. ಇಲ್ಲಿನ ಟಾಕೀಸುಗಳಲ್ಲಿ ಹಿಂದಿ, ತೆಲುಗು ಪಿಚ್ಚರ್‌ಗಳ ಜೋರು ಎಷ್ಟಿತ್ತೆಂದು ಇಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಮನೆಯೊಳಗೂ ಒಂದೇ ಭಾಷೆ ಇರಲಿಲ್ಲ. ಸೇಡಂ, ಚಿಂಚೋಳಿಯ ಗಡಿಗೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ದಖನಿ, ಶಹಾಬಾದ್ ಮತ್ತು ವಾಡಿಯ ಸಿಮೆಂಟ್ ಕಾಲೊನಿಗಳಲ್ಲಿ ಎಲ್ಲೆಲ್ಲಿಂದಲೋ ಬಂದವರ ಮಾತು.

ಇಂಥ ಕಡೆ ಶಂಕರ್ ಸಲೀಸಾಗಿ ಒಳಗೆ ಬಂದರು. ಅವರದು ಮನೆಯಲ್ಲಿ ಕೊಂಕಣಿ, ಕಲಿಕೆಯಲ್ಲಿ ಮರಾಠಿ, ದುಡಿಮೆಯಲ್ಲಿ ಕನ್ನಡ. ತೆರೆಯ ಮೇಲೆ ಅವರ ಕನ್ನಡ ತಿದ್ದಿ ತೀಡಿದ ಪುಸ್ತಕದ ಕನ್ನಡದಂತೆ ಕೇಳುತ್ತಿರಲಿಲ್ಲ. ದನಿ ತುಸು ಒರಟು, ಮಾತು ಅವಸರ. ನಾಲ್ಕು ಭಾಷೆಯ ನಡುವೆ ಕನ್ನಡ ಆಡುವವನಿಗೆ ಆ ಅವಸರ ಪರಕೀಯ ಅನ್ನಿಸುವುದಿಲ್ಲ. ನಮ್ಮ ಕನ್ನಡ ‘ಸರಿ ಇಲ್ಲ’ ಎಂದು ಬೆಂಗಳೂರಿನಲ್ಲಿ ಅನ್ನಿಸಿಕೊಂಡು ಬಂದವರು ಈ ಭಾಗದಲ್ಲಿ ಬಹಳ. ಒರಟು ದನಿಯವನೊಬ್ಬ ಕನ್ನಡದ ನಾಯಕನಾದದ್ದು ಅವರಿಗೆ ಸಣ್ಣ ಸಮಾಧಾನವಲ್ಲ.

ವರ್ಷದ ಪಂಚಾಂಗವೂ ಈ ನಂಟಿಗೆ ಒದಗಿ ಬಂದಿದೆ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ, 30ಕ್ಕೆ ಶಂಕರ್ ಪುಣ್ಯತಿಥಿ, ನವೆಂಬರ್ 1ಕ್ಕೆ ರಾಜ್ಯೋತ್ಸವ, 9ಕ್ಕೆ ಶಂಕರ್ ಹುಟ್ಟುಹಬ್ಬ. ಆ ಹುಟ್ಟುಹಬ್ಬವನ್ನು ರಾಜ್ಯದ ಚಾಲಕರು ತಮ್ಮ ದಿನವೆಂದೇ ಆಚರಿಸುತ್ತ ಬಂದಿದ್ದಾರೆ. ರಾಜ್ಯೋತ್ಸವಕ್ಕೆ ಏರಿಸಿದ ಕೆಂಪು-ಹಳದಿ ಬಾವುಟ ಇಳಿಸುವ ಮೊದಲೇ ಶಂಕ್ರಣ್ಣನ ಫೋಟೊಗೆ ಹಾರ ಬೀಳುತ್ತದೆ. ಆಟೊ ಸ್ಟ್ಯಾಂಡ್ ಎಂಬುದು ಹೀಗೆ ಊರಿನ ಅತಿ ಚಿಕ್ಕ ಕನ್ನಡ ಸಂಘವೂ ಆಗಿದೆ. ಅದಕ್ಕೆ ಕಟ್ಟಡ ಇಲ್ಲ, ಅನುದಾನ ಇಲ್ಲ. ಒಂದು ಕಂಬ, ಒಂದು ಬಾವುಟ, ಒಂದು ಮುಖ ಇದೆ.

ದುಡಿದವನನ್ನು ದುಡಿಯುವವರು ಗುರುತಿಸುತ್ತಾರೆ

ಒಂದು ಪಾತ್ರದಿಂದಲೇ ಇಷ್ಟು ದೂರ ಬರಲಾಗುತ್ತಿರಲಿಲ್ಲ. ಆ ಪಾತ್ರದ ಹಿಂದಿನ ಮನುಷ್ಯನೂ ದುಡಿಮೆಗಾರ ಎಂಬುದು ಜನರಿಗೆ ಗೊತ್ತಿತ್ತು. 1980ರಲ್ಲೇ ಅವರ ಮೊದಲ ನಿರ್ದೇಶನದ ‘ಮಿಂಚಿನ ಓಟ’ ಬಂತು, ರಾಜ್ಯ ಪ್ರಶಸ್ತಿ ಗಳಿಸಿತು. ಮರುವರ್ಷ ಇಳಯರಾಜ ಸಂಗೀತದ ‘ಗೀತಾ’. 1987ರಲ್ಲಿ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ‘ಒಂದು ಮುತ್ತಿನ ಕಥೆ’ಗಾಗಿ ನೀರಿನೊಳಗೆ ಕ್ಯಾಮೆರಾ ಇಳಿಸಿದರು. ಧ್ವನಿಮುದ್ರಣಕ್ಕೆ ಕನ್ನಡದವರು ಮದ್ರಾಸಿಗೆ ಹೋಗಬೇಕಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ‘ಸಂಕೇತ್’ ಸ್ಟುಡಿಯೊ ಕಟ್ಟಿದರು. ದೂರದರ್ಶನಕ್ಕಾಗಿ ಆರ್.ಕೆ. ನಾರಾಯಣರ ಕಥೆಗಳನ್ನು ಆಗುಂಬೆಯ ಬೀದಿಗಳಲ್ಲಿ ಚಿತ್ರಿಸಿ ‘ಮಾಲ್ಗುಡಿ ಡೇಸ್’ ಮಾಡಿದರು. ಊರಿಗೆ ಒಂದೋ ಎರಡೋ ಟಿವಿ ಇದ್ದ ದಿನಗಳವು. ಯಾರದೋ ಮನೆಯ ಪಡಸಾಲೆಯ ಫರಸಿ ಮೇಲೆ ಕೂತು ಸ್ವಾಮಿಯ ತುಂಟಾಟ ನೋಡಿದ ಮಕ್ಕಳಿಗೆ, ಅದನ್ನು ಮಾಡಿದವರೂ ಖಾಕಿ ಅಂಗಿಯ ‘ರಾಜ’ನೂ ಒಬ್ಬರೇ ಎಂದು ಗೊತ್ತಾದಾಗ ಆದ ಬೆರಗು ನನಗೆ ಚೆನ್ನಾಗಿ ನೆನಪಿದೆ.

ಬೆಂಗಳೂರಿಗೆ ಮೆಟ್ರೊ ರೈಲು ಬೇಕು, ನಂದಿಬೆಟ್ಟಕ್ಕೆ ರೋಪ್‌ವೇ ಬೇಕು ಎಂದು ಎಂಬತ್ತರ ದಶಕದಲ್ಲೇ ಅವರು ಓಡಾಡಿದರು. ಮೆಟ್ರೊದ ಮೊದಲ ಗಾಡಿ ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ಅರುಂಧತಿ ಅವರು ಕಟ್ಟಿ ನಿಲ್ಲಿಸಿದ ‘ರಂಗಶಂಕರ’ ಬೆಂಗಳೂರಿನಲ್ಲಿ 2004ರಿಂದ ನಾಟಕಗಳಿಗೆ ಮನೆಯಾಗಿದೆ. ಡೀನ್ ತನ್ನ ಮೂರು ಚಿತ್ರಗಳಲ್ಲಿ ಎಳೆಯರ ಒಳಗಿನ ಕುದಿಯನ್ನು ಬಿಟ್ಟುಹೋದ. ಶಂಕರ್ ಅರ್ಧಕ್ಕೆ ನಿಂತ ಕೆಲಸಗಳನ್ನು ಬಿಟ್ಟುಹೋದರು, ಉಳಿದವರು ಒಂದೊಂದನ್ನೇ ಮುಂದುವರಿಸಿದರು. ಅಭಿಮಾನಿಗಳ ಬಾಯಲ್ಲಿ ಅವರ ಕಥೆಗಳು ಇಂದಿಗೂ ‘ಇದ್ದಿದ್ದರೆ’ ಎಂಬ ಪದದಿಂದಲೇ ಶುರುವಾಗುತ್ತವೆ.

ಈ ಭಾಗದವರು ಇನ್ನೂ ಹೆಚ್ಚು ನೋಡಬೇಕಾದ ಅವರ ಚಿತ್ರವೊಂದಿದೆ: 1985ರ ‘ಆಕ್ಸಿಡೆಂಟ್’. ಅಮಲಿನಲ್ಲಿದ್ದ ಉಳ್ಳವರ ಮಕ್ಕಳ ಕಾರು ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಹರಿಯುವ ಕಥೆ ಅದು. ಅಧಿಕಾರ ಹೇಗೆ ಆ ರಕ್ತವನ್ನು ತೊಳೆದುಹಾಕಲು ನೋಡುತ್ತದೆ ಎಂಬುದನ್ನು ಹಲ್ಲು ಕಚ್ಚಿ ಹೇಳಿದ ಚಿತ್ರ. ರಾಷ್ಟ್ರಪ್ರಶಸ್ತಿಯೂ ಬಂತು. ಮಳೆ ಕೈಕೊಟ್ಟ ವರ್ಷ ಮಕ್ಕಳು-ಮರಿ ಕಟ್ಟಿಕೊಂಡು ಹೈದರಾಬಾದ್, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವ ನಮ್ಮವರು ಮಲಗುವುದೂ ಅಂಥದೇ ಜಾಗಗಳಲ್ಲಿ. ಆ ಚಿತ್ರ ನೋಡಿದ ಮೇಲೆ ‘ನಮ್ಮ ಲೈನಿನವ’ ಎಂಬ ಮಾತು ಆಟೊ ಸ್ಟ್ಯಾಂಡನ್ನೂ ದಾಟಿ ಹಬ್ಬುತ್ತದೆ.

ರೇಡಿಯಂ ಅಂಗಡಿಯಲ್ಲಿ

ಒಂದು ಮಧ್ಯಾಹ್ನ ಆ ಮುಖ ತಯಾರಾಗುವುದನ್ನು ನೋಡಬೇಕೆಂದು ರೇಡಿಯಂ ಅಂಗಡಿಯೊಂದರಲ್ಲಿ ಕೂತೆ. ಎರಡು ಮಾರು ಅಗಲದ ಅಂಗಡಿ, ಗೋಡೆಗೆ ಒರಗಿಸಿದ ಬಣ್ಣಬಣ್ಣದ ಶೀಟಿನ ಸುರುಳಿಗಳು. ಈಗ ಕಂಪ್ಯೂಟರಿನಲ್ಲಿ ಚಿತ್ರ ಇಟ್ಟರೆ ಮಷಿನ್ ತಾನೇ ಕತ್ತರಿಸುತ್ತದೆ. ಮೊದಲು ಬ್ಲೇಡಿನಿಂದ ಕೈಯಲ್ಲೇ ಕತ್ತರಿಸುತ್ತಿದ್ದರಂತೆ. ಮಷಿನ್ ಮುಗಿಸಿದ ಮೇಲೆ ಬೇಡದ ಭಾಗವನ್ನು ಚಿಮಟದಿಂದ ಒಂದೊಂದಾಗಿ ಕಿತ್ತು ತೆಗೆಯುವುದು ಮಾತ್ರ ಈಗಲೂ ಕೈಕೆಲಸ. ಹಣೆ ಹೋಯಿತು, ಕೆನ್ನೆ ಹೋಯಿತು. ಉಳಿದದ್ದು ಕಪ್ಪಿನ ನಾಲ್ಕೈದು ತುಂಡು: ಗುಂಗುರು ಕೂದಲಿನ ಅಂಚು, ಎರಡು ಹುಬ್ಬು, ಮೀಸೆ, ಗದ್ದದ ನೆರಳು. ಅಷ್ಟನ್ನು ಹಳದಿಯ ಮೇಲೆ ಒತ್ತಿದಾಗ ಶಂಕ್ರಣ್ಣ ಎದ್ದು ಬಂದರು.

“ಎಲ್ಲಾರ ಮುಖ ಹಿಂಗ ಬರಂಗಿಲ್ರಿ ಸರ್,” ಎಂದ ಅಂಗಡಿಯವನು. “ಕೆಲವರದು ಎಷ್ಟು ಕೊಯ್ದರೂ ಗುರುತು ಹತ್ತಂಗಿಲ್ಲ. ಇವ್ರದು ಮೀಸಿ, ಕೂದಲು ಬಂತಂದ್ರ ಮುಗೀತು. ಕಣ್ಣು ಮುಚ್ಚಿ ಕೊಯ್ತೀನಿ.”

ಎರಡೇ ಬಣ್ಣಕ್ಕೆ ಇಳಿಸಿದರೂ ಉಳಿಯುವ ಮುಖ. ಜಗತ್ತಿನ ಗೋಡೆಗಳ ಮೇಲೆ ಉಳಿದ ಮುಖಗಳೆಲ್ಲ ಹೀಗೆ ಕೆಲವೇ ಗೆರೆಗಳಲ್ಲಿ ಹಿಡಿಸುವಂಥವು. ಡೀನ್‌ನ ಮೇಲಕ್ಕೆ ಬಾಚಿದ ಕೂದಲು, ಕಿರಿದಾದ ಕಣ್ಣು ಅಂಥವೇ. ಬಿಸಿಲು, ಧೂಳು, ಸಿಮೆಂಟಿನ ಹುಡಿ, ಕಾಗಿಣಾ ಸೀಮೆಯ ಕರಿ ಮಣ್ಣಿನ ಕೆಸರು, ಎಲ್ಲವನ್ನೂ ತಾಳಿಕೊಂಡು ಇಪ್ಪತ್ತು ಮಾರು ದೂರದಿಂದ ಗುರುತು ಸಿಗಬೇಕು. ಟಾಕೀಸು, ಟಿವಿ, ಮೊಬೈಲಿನ ಜೊತೆಗೆ ಈ ರೇಡಿಯಂ ಶೀಟೂ ಶಂಕರ್ ಅವರನ್ನು ತಲೆಮಾರು ದಾಟಿಸಿದೆ. ಅಪ್ಪನ ಗಾಡಿಯ ಹಿಂದೆ ಆಡಿ ಬೆಳೆದ ಮಗು ಅಕ್ಷರ ಕಲಿಯುವ ಮೊದಲೇ ಈ ಮುಖ ಕಲಿತಿರುತ್ತದೆ.

ಅಭಿಮಾನದ ಮೇಲಿನ ಸಾಲ

ಇಲ್ಲಿ ನನಗೆ ಮನಸ್ಸಿನಲ್ಲಿರುವ ಒಂದು ಮಾತನ್ನು ಹೇಳಲೇಬೇಕು. ಸಾಯುವ ಕೆಲವೇ ದಿನ ಮೊದಲು ಜೇಮ್ಸ್ ಡೀನ್, ರಸ್ತೆಯಲ್ಲಿ ಎಚ್ಚರದಿಂದ ಓಡಿಸಿ ಎಂದು ಯುವಕರಿಗೆ ಹೇಳುವ ಕಿರುಚಿತ್ರವೊಂದಕ್ಕೆ ಕ್ಯಾಮೆರಾ ಮುಂದೆ ಕೂತಿದ್ದ. ಶಂಕರ್ ರಸ್ತೆಯ ಸಾವಿನ ಅನ್ಯಾಯದ ಮೇಲೆ ಇಡೀ ಚಿತ್ರವನ್ನೇ ಮಾಡಿದ್ದರು. ಇಬ್ಬರೂ ಹೋದದ್ದು ರಸ್ತೆಯಲ್ಲೇ. ಶಂಕರ್ ಮುಖ ಹೊತ್ತ ಗಾಡಿ ಲೆಕ್ಕಕ್ಕಿಂತ ಎರಡು ಪಟ್ಟು ಜನ ತುಂಬಿಕೊಂಡು, ಹಿಂದಿನ ಕಂಬಿಗೆ ಶಾಲೆಯ ಹುಡುಗರನ್ನು ಜೋತುಬಿಟ್ಟುಕೊಂಡು, ಸಿಮೆಂಟ್ ಲಾರಿಗಳ ನಡುವೆ ನುಗ್ಗುವುದನ್ನು ಕಂಡಾಗ ನನ್ನ ಎದೆ ಝಲ್ಲೆನ್ನುತ್ತದೆ. ಬಸ್ಸು ಸಾಲದು, ಕಂತು ಕಟ್ಟಬೇಕು, ಡೀಸೆಲ್ ದರ ಇಳಿಯುವುದಿಲ್ಲ. ಚಾಲಕರ ಈ ಕಷ್ಟ ನಿಜ, ಅದಕ್ಕೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ. ಆದರೂ ಶಂಕ್ರಣ್ಣನನ್ನು ಬೆನ್ನಿಗೆ ಹಚ್ಚಿಕೊಂಡವರು ನಿದ್ದೆಗಣ್ಣಲ್ಲಿ ಬೆಳಗಿನ ಜಾವದ ಬಾಡಿಗೆ ಹೊಡೆಯಬಾರದು. ಹುಟ್ಟುಹಬ್ಬದ ಹಾರಕ್ಕಿಂತ ಅದು ದೊಡ್ಡ ಮರ್ಯಾದೆ.

ದಂಡೋತಿಯ ಆ ಹುಡುಗ ಈ ವಿಷಯದಲ್ಲಿ ನನಗಿಂತ ಮುಂದೆ ಇದ್ದ. ಮತ್ತೊಮ್ಮೆ ಸಿಕ್ಕಾಗ ಕಾಗಿಣಾ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಚಿತ್ತಾಪುರಕ್ಕೆ ಹೋಗಲೇಬೇಕೆಂದು ಇಬ್ಬರು ಹಟ ಹಿಡಿದಿದ್ದರು, ದುಪ್ಪಟ್ಟು ಬಾಡಿಗೆ ಕೊಡುತ್ತೇವೆ ಎನ್ನುತ್ತಿದ್ದರು. ಹುಡುಗ ಗಾಡಿಯ ಚಾವಿ ತೆಗೆದು ಜೇಬಿಗೆ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕೂತುಬಿಟ್ಟ. “ನೀರು ಇಳೀಲಿ ಅಣ್ಣಾರ. ನಾ ಹಾಯಿಸಂಗಿಲ್ಲ.”

ಅವನ ಪಕ್ಕ ಕೂತೆ. ಈ ಗಾಡಿ ಎಷ್ಟು ವರ್ಷದ್ದು ಎಂದು ಕೇಳಿದೆ. ಸೆಕೆಂಡ್ ಹ್ಯಾಂಡ್, ಶಹಾಬಾದಿನವರ ಹತ್ತಿರ ತಗೊಂಡದ್ದು ಎಂದ. ಕೈಗೆ ಬಂದ ಮೇಲೆ ಹುಡ್ ಬದಲಾಯಿಸಿದ್ದಾನೆ, ಸೀಟು ಹೊಸದಾಗಿ ಹೊಲಿಸಿದ್ದಾನೆ, ಬಣ್ಣ ಹೊಡೆಸಿದ್ದಾನೆ, ಮೊದಲಿನವರ ಮಕ್ಕಳ ಹೆಸರು ಅಳಿಸಿ ತನ್ನ ಮಗಳ ಹೆಸರು ಬರೆಸಿದ್ದಾನೆ.

“ಶಂಕ್ರಣ್ಣಂದು?”

“ಅದು ಮೊದಲಿನವರು ಹಚ್ಚಿದ್ದೇ ರೀ ಕಾಕಾ. ಪೇಂಟ್ ಹೊಡ್ಯಾವ ಅದನ್ನೂ ಕೀಳಲೇನು ಅಂತ ಕೇಳ್ದ. ಸುತ್ತೂ ಟೇಪ್ ಹಚ್ಚಿ ಹೊಡಿ, ಅದಕ್ಕ ಬಣ್ಣ ತಾಕಬಾರದು ಅಂದೆ.”

ಎದ್ದು ಹಿಂದೆ ಹೋಗಿ ನೋಡಿದೆ. ಹೌದು. ಹೊಸ ಹಸಿರು ಬಣ್ಣದ ನಡುವೆ ಟೇಪಿನ ಗೆರೆಯಷ್ಟು ಅಂಚು ಬಿಟ್ಟು, ಹಳೆಯ ಬಣ್ಣದ ಒಂದು ಚೌಕ ಹಾಗೇ ಇತ್ತು. ಅದರೊಳಗೆ, ತುದಿಗೆ ತುಸು ಸುಲಿದ ಗುಂಗುರು ಕೂದಲು, ದಪ್ಪ ಮೀಸೆ, ಆ ನಗು.